ಹಲ್ಲು ಕಿತ್ತ ದಿನಾನ ಪ್ಲೇಟ್ ಹಾಕ್ಯಾರ, ರಾತ್ರಿ ತೆಗಿಬೇಕೋ ಬ್ಯಾಡೋ?

ಕುಷ್ಟಗಿ ಟೀಚರ್ | ಬುಧವಾರ, ರಾತ್ರಿ 10:50

ಯಾರರ ಎಚ್ಚರ ಇದ್ರ ಜಲ್ದಿ ಹೇಳ್ರಿ. ಇವತ್ತು ಮಧ್ಯಾಹ್ನ ಮೂರರ ಸುಮಾರಿಗೆ ಮ್ಯಾಲಿನ ಮುಂದಿನ ಹಲ್ಲೊಂದು ತೆಗಿಸೀನಿ. ಒಂಬತ್ತು ವರ್ಷದ ಹಿಂದ ಸ್ಕೂಟಿ ಮ್ಯಾಲಿಂದ ಬಿದ್ದು ನಡುವಿನ ಎರಡು ಹಲ್ಲು ಹೋಗಿದ್ದವು. ಅವಕ್ಕ ತೆಗೆದು ಹಾಕೂ ಕಟ್ಟಿಸಿದ ಹಲ್ಲಿನ ಪ್ಲೇಟ್ ಇತ್ತು. ಈಗ ಅದರ ಎಡ ಮಗ್ಗಲದ ಹಲ್ಲು ಬೇರಿನತನ ಸೀಳಿ ಕೀವು ಕಟ್ಟಿತ್ತು. ಡಾಕ್ಟ್ರು ಮೊದಲ ಅಳತಿ ತಗೊಂಡು, ಹಳೇ ಪ್ಲೇಟಿಗೇ ಇನ್ನೊಂದು ಹಲ್ಲು ಕೂಡಿಸಿ ತರಿಸಿ, ಕಿತ್ತ ಹತ್ತು ನಿಮಿಷಕ್ಕ ಬಾಯಾಗ ಕೂಡ್ರಿಸಿದ್ರು. 'ನಾಳೆ ಮುಂಜಾನಿ ನಾನ ತೆಗಿತೀನಿ, ಅಲ್ಲೀತನ ಕೈ ಹಚ್ಚಬ್ಯಾಡ್ರಿ' ಅಂದ್ರು.

ಈಗ ಜೋಮು ಇಳದೈತಿ. ಒಳಗ ಟಣ್ ಟಣ್ ಅಂತ ಬಡಿಯಾಕತ್ತೈತಿ, ತುಟಿ ಬಾತೈತಿ, ಉಗುಳಿನ್ಯಾಗ ಕೆಂಪು ಬರಾಕತ್ತೈತಿ. ನಮ್ಮತ್ತಿ 'ಹಸೀ ಗಾಯದ ಮ್ಯಾಲ ಪ್ಲಾಸ್ಟಿಕ್ ಇಟ್ಟರ ಕೀವಾಗದ ಮತ್ತೇನಾಗತೈತಿ, ತಗದು ಅರಿಷಿಣ ಒತ್ತವ್ವಾ' ಅಂತ ತಲಿಹಂತ್ಯಾಕ ಕುಂತಾರ. ಎರಡು ವರ್ಷದ ಹಿಂದ ದವಡಿ ಹಲ್ಲು ತೆಗಿಸಿದಾಗ ಬ್ಯಾರೆ ಡಾಕ್ಟ್ರು 'ಒಂದು ವಾರ ಪ್ಲೇಟ್ ಹಾಕಬ್ಯಾಡ್ರಿ' ಅಂದಿದ್ದು ನೆನಪೈತಿ. ಇಬ್ಬರೂ ಡಾಕ್ಟ್ರೇ. ಯಾರ ಮಾತು ಕೇಳಲಿ?

ಗಂಗಾವತಿ ಭತ್ತ | ರಾತ್ರಿ 11:04

ತಗದು ಬಿಡ್ರಿ ಅಕ್ಕಾರ. ನೋವಿನ ಮ್ಯಾಲ ಭಾರ ಇಡಬಾರದು. ಕಾಲಿಗೆ ಮುಳ್ಳು ನಟ್ಟಾಗ ಬೂಟ್ ಹಾಕ್ಕೊಂಡು ಮಲಗ್ತೀರೇನು?

ಬಳ್ಳಾರಿ ಲ್ಯಾಬ್ | ರಾತ್ರಿ 11:11

ಟೀಚರಮ್ಮಾ, ತೆಗೀಬೇಡ್ರಿ! ನಾನು ಡಾಕ್ಟ್ರಲ್ಲ. ಈ ಪ್ಲೇಟ್ ಮಾಡೋ ಲ್ಯಾಬಿನಾಗೆ 22 ವರ್ಷದಿಂದ ಕೆಲಸ ಮಾಡ್ತೀನಿ. ನಿಮ್ದು ಕಿತ್ತ ದಿನಾನೇ ಹಾಕೋಕೆ ಅಂತ ಮಾಡಿದ್ದು. ಗಾಯದ ಮೇಲೆ ಪಟ್ಟಿ ಕಟ್ಟಿದಂಗೆ ಅದು. ಕಟ್ಟಿಕೊಂಡ ರಕ್ತದ ಗಡ್ಡೆನ ಕಾಯ್ತಾ ಕೂತಿರ್ತೈತೆ. ಈಗ ತೆಗೆದ್ರೆ ಗಂಟೆಯೊಳಗೆ ವಸಡು ಇನ್ನಷ್ಟು ಬಾತು, ಬೆಳಗ್ಗೆ ಹಾಕೋಕೆ ಹೋದ್ರೆ ಕೂಡಂಗಿಲ್ಲ. ಆಮೇಲೆ ಡಾಕ್ಟ್ರು ನಮಗೆ ಫೋನ್ ಮಾಡಿ ಬಯ್ತಾರೆ, 'ಏನಪ್ಪಾ ಇದು ಅಳತೆ' ಅಂತ.

ಬೂಟಿನ ಲೆಕ್ಕ ಇಲ್ಲಿ ನಡಿಯಂಗಿಲ್ಲ ಗಂಗಾವತಿ ಅಣ್ಣಾ.

ರಾಯಚೂರು ಹೌಸ್ ಸರ್ಜನ್ | ರಾತ್ರಿ 11:26

ಬಿಡಿಎಸ್ ಮುಗಿಸಿ ಇಂಟರ್ನ್‌ಶಿಪ್ ಮಾಡ್ಲಿಕತ್ತೀನಿ. ಮೇಡಂ, ನಿಮ್ಮ ಇಬ್ಬರೂ ಡಾಕ್ಟ್ರು ಹೇಳಿದ್ದು ಸರಿಯೇ ಅದ. ಆಗ ಇದ್ದದ್ದು ಹಳೇ ಪ್ಲೇಟು, ಹೊಸಾ ಗಾಯ. ಆ ಪ್ಲೇಟಿಗೆ ಅಲ್ಲೊಂದು ಗಾಯ ಆಗ್ತದ ಅಂತ ಗೊತ್ತೇ ಇರಲಿಲ್ಲ. ಅದರ ಅಂಚು ಹೋಗಿ ತೆರೆದ ಕುಳಿಗೆ ಬಡಿತಿತ್ತು, ಅದಕ್ಕ ಬ್ಯಾಡ ಅಂದಿರ್ತಾರ. ಈಗಿಂದು ಆ ಗಾಯಕ್ಕಂತನೇ ಮೊದಲೇ ತಯಾರು ಮಾಡಿದ್ದು. ಇಂಥದಕ್ಕ ಮೊದಲ 24 ಗಂಟೆ ತೆಗಿಬಾರದು, ಮರುದಿನ ಡಾಕ್ಟ್ರೇ ತೆಗೆದು ನೋಡಬೇಕು.

ಈಗ ಮಾಡೂದು: ಡಾಕ್ಟ್ರು ಕೊಟ್ಟ ನೋವಿನ ಗುಳಿಗಿ ಹೊತ್ತಿಗೆ ಸರಿಯಾಗಿ ತಗೋರಿ, ನೋವು ಏರೂತನಕ ಕಾಯಬ್ಯಾಡ್ರಿ. ಆಸ್ಪಿರಿನ್ ನಿಮ್ಮಷ್ಟಕ್ಕ ನೀವು ನುಂಗಬ್ಯಾಡ್ರಿ, ರಕ್ತ ಹರೀತದ. ಬಟ್ಟಿಯೊಳಗ ಬರ್ಫ್ ಕಟ್ಟಿ ತುಟಿ ಮ್ಯಾಲ, ಹೊರಗಿಂದ, ಹತ್ತು ನಿಮಿಷ ಇಡ್ರಿ, ಹತ್ತು ನಿಮಿಷ ಬಿಡ್ರಿ. ಎರಡು ತಲಿದಿಂಬು ಹಾಕ್ಕೊಂಡು ತಲಿ ಎತ್ತರ ಇಟ್ಟು ಮಲಗ್ರಿ. ಇವತ್ತು ಬಾಯಿ ಮುಕ್ಕಳಿಸೂದು, ಜೋರಾಗಿ ಉಗುಳೂದು, ಸ್ಟ್ರಾ ಹಾಕಿ ಕುಡಿಯೂದು ಮೂರೂ ಬ್ಯಾಡ. ಬಾಯಿ ಒಳಗ ಎಳೆತ ಹುಟ್ಟಿ ಗಡ್ಡಿ ಕಿತ್ತು ಬರ್ತದ.

ಉಗುಳು ಗುಲಾಬಿ ಬಣ್ಣಕ್ಕ ಬಂದ್ರ ಹೆದರಬ್ಯಾಡ್ರಿ, ಒಂದು ಹನಿ ರಕ್ತ ಬಾಯಿ ತುಂಬ ಕೆಂಪು ಮಾಡ್ತದ. ಬಾಯಿ ತುಂಬ ರಕ್ತಾನೇ ಬಂದು ನಿಲ್ಲದಿದ್ರ, ಅಥವಾ ಪ್ಲೇಟ್ ಸಡಿಲಾಗಿ ತಾನೇ ಕೆಳಗ ಬೀಳ್ಲಿಕತ್ತಿದ್ರ, ಹೊತ್ತು ನೋಡಬ್ಯಾಡ್ರಿ, ಡಾಕ್ಟ್ರಿಗೆ ಫೋನ್ ಮಾಡ್ರಿ. ಸಡಿಲ ಇದ್ದ ಸಣ್ಣ ಪ್ಲೇಟ್ ನಿದ್ದ್ಯಾಗ ಗಂಟಲಿಗೆ ಇಳಿದದ್ದೂ ಉಂಟು.

ಅರಿಷಿಣ ಬ್ಯಾಡ. ಅತ್ತಿಯವರಿಗೆ ನನ್ನ ನಮಸ್ಕಾರ ಹೇಳ್ರಿ.

ಕುಷ್ಟಗಿ ಟೀಚರ್ | ರಾತ್ರಿ 11:40

ಬಿಗಿ ಐತಿ, ಬೀಳಾಕತ್ತಿಲ್ಲ. ಗುಳಿಗಿ ತಗೊಂಡು ಮಲಗ್ತೀನಿ. ಅತ್ತಿಗೆ ನಿಮ್ಮ ನಮಸ್ಕಾರ ಮುಟ್ಟೈತಿ, ಅರಿಷಿಣದ ಡಬ್ಬಿ ಇನ್ನೂ ಕೈಯಾಗೈತಿ.

ಕುಷ್ಟಗಿ ಟೀಚರ್ | ಗುರುವಾರ, ಮಧ್ಯಾಹ್ನ 1:15

ಹೋಗಿ ಬಂದ್ನಿ. ಡಾಕ್ಟ್ರು ಪ್ಲೇಟ್ ತೆಗಿಯೂ ಮುಂದ ಜೀವ ಬಾಯಿಗೆ ಬಂದಿತ್ತು. ತೆಗೆದ ಮ್ಯಾಲ ಕನ್ನಡಿ ಕೊಟ್ಟು ತೋರಿಸಿದ್ರು, ಕರ್ರಗ ಗಡ್ಡಿ ಕಟ್ಟಿತ್ತು. 'ಛಲೋ ಐತಿ' ಅಂದ್ರು. ಒಂದು ಕಡೆ ಪ್ಲೇಟಿನ ಅಂಚು ವಸಡಿಗೆ ಗೀರಿತ್ತು, ಅಲ್ಲೀಟು ಉಜ್ಜಿ ನುಣುಪು ಮಾಡಿದ್ರು.

ಇನ್ನ ಮ್ಯಾಲ ಊಟ ಆದಮ್ಯಾಲೊಮ್ಮೆ ತೆಗೆದು, ಒಂದು ಗ್ಲಾಸ್ ಉಗುರುಬೆಚ್ಚನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಾಗ ತುಂಬಿಕೊಂಡು ತಲಿ ಆ ಕಡೆ ಈ ಕಡೆ ವಾಲಿಸಿ ಸುಮ್ಮನ ಬಿಡಬೇಕಂತ. ಉಗುಳಂಗಿಲ್ಲ, ತಾನ ಸುರೀಬೇಕು. ತೊಳೆದು ಮತ್ತ ಹಾಕ್ಕೋಬೇಕು. ಬಾವು ಇಳಿಯೂತನ, ಅಂದ್ರ ಇನ್ನೂ ಮೂರು ರಾತ್ರಿ, ಹಾಕ್ಕೊಂಡ ಮಲಗ್ರಿ ಅಂದ್ರು. ಆಮ್ಯಾಲ ರಾತ್ರಿ ತೆಗೆದು ನೀರಾಗ ಇಡಬೇಕು.

ಗಂಗಾವತಿ ಭತ್ತ | ಗುರುವಾರ, ಸಂಜೆ 6:30

ನಿನ್ನೆ ಬೂಟಿನ ಮಾತು ಹೇಳಿದ್ದಕ್ಕ ತಪ್ಪಾತು. ನನ್ನ ಕಥಿ ಹೇಳಿಬಿಡ್ತೀನಿ. ನಾನೂ ನಾಕು ವರ್ಷದ ಹಿಂದ ಹಿಂಗ ಹಾಕಿಸಿಕೊಂಡು, ನೋಯ್ತೈತಿ ಅಂತ ಆವತ್ತ ರಾತ್ರಿ ತಗದು ಕಿಟಕ್ಯಾಗ ಇಟ್ಟೆ. ನಾಟಿ ಹೊತ್ತು, ಗದ್ದ್ಯಾಗ ಆಳು. ನಾಕು ದಿನ ಅದರ ಕಡೆ ನೋಡಲೇ ಇಲ್ಲ. ಐದನೇ ದಿನ ಹಾಕಾಕ ಹೋದ್ರ ಒಂದು ಕಡೆ ಕೂಡ್ರುತ್ತಿತ್ತು, ಇನ್ನೊಂದು ಕಡೆ ಏಳುತ್ತಿತ್ತು. ಅರ (ಕುಡಗೋಲು ಮಸೆಯೂದು) ತಗೊಂಡು ನಾನ ಉಜ್ಜಿದ್ನಿ. ಮುಂದ ಕೇಳಬ್ಯಾಡ್ರಿ. ಹೊಸಾದು ಮಾಡಿಸೂದಾತು.

ಬಳ್ಳಾರಿ ಲ್ಯಾಬ್ | ಗುರುವಾರ, ರಾತ್ರಿ 8:05

ಅರ! ಅಣ್ಣಾ, ವರ್ಷಕ್ಕೆ ನಾಲ್ಕೈದು ಪ್ಲೇಟ್ ಹಿಂಗೇ ನಮ್ಮ ಮೇಜಿಗೆ ಬರ್ತಾವೆ. ಒಬ್ಬರು ಸ್ಯಾಂಡ್‌ಪೇಪರು, ಒಬ್ಬರು ಉಗುರು ತಿಕ್ಕೋದು, ಒಬ್ಬರು ಒಡೆದ ಪ್ಲೇಟನ್ನ ಫೆವಿಕ್ವಿಕ್ ಹಾಕಿ ಅಂಟಿಸಿದ್ದರು. ಒತ್ತೋ ಜಾಗ ಒಂದು ಕಡೆ ಇರ್ತೈತೆ, ಜನ ಉಜ್ಜೋದು ಇನ್ನೊಂದು ಕಡೆ. ಅದು ಕಣ್ಣಿಗೆ ಕಾಣಂಗಿಲ್ಲ. ಡಾಕ್ಟ್ರು ಒಳಗೆ ಬಿಳೀ ಪೇಸ್ಟ್ ಹಚ್ಚಿ ಬಾಯಿಗೆ ಕೂಡಿಸಿ ತೆಗೀತಾರೆ. ಎಲ್ಲಿ ಪೇಸ್ಟ್ ಅಳಿಸಿರ್ತೈತೋ ಅಷ್ಟೇ ಜಾಗ ಉಜ್ಜೋದು.

ಇದು ಯಾಕೆ ಒತ್ತೇ ಒತ್ತುತೈತೆ ಅಂತ ಹೇಳ್ತೀನಿ ಕೇಳ್ರಿ. ನಮ್ಮ ಹತ್ರ ಅಳತೆ ಬಂದಾಗ ಟೀಚರಮ್ಮನ ಹಲ್ಲು ಇನ್ನೂ ಬಾಯಾಗೇ ಇರ್ತೈತೆ. ಅಳತೆಗೆ ಪ್ಲಾಸ್ಟರ್ ಹೊಯ್ದು ಅಚ್ಚು ತೆಗೆದ್ರೆ ಅದರಾಗೂ ಆ ಹಲ್ಲು ನಿಂತಿರ್ತೈತೆ. ಅದನ್ನ ನಾವು ಚಾಕುನಾಗೆ ಕೆತ್ತಿ ತೆಗೀತೀವಿ. ಡಾಕ್ಟ್ರಿಗಿಂತ ಒಂದು ದಿನ ಮೊದಲೇ ನಿಮ್ಮ ಹಲ್ಲು ಕಿತ್ತವರು ನಾವು, ಇಂಜೆಕ್ಷನ್ ಇಲ್ಲದೆ! ಕಿತ್ತಮೇಲೆ ವಸಡು ಯಾವ ಆಕಾರಕ್ಕೆ ಬರ್ತೈತೆ ಅಂತ ಅಂದಾಜಿನ ಮೇಲೆ ಅಲ್ಲಿ ಪ್ಲಾಸ್ಟರ್ ತಿದ್ದಿ, ಅದರ ಮೇಲೆ ಹಲ್ಲು ಕೂಡಿಸ್ತೀವಿ. ಅಂದಾಜು ಅಂದ್ರೆ ಅಂದಾಜೇ. ಕೂದಲೆಳೆ ಹೆಚ್ಚು ಕೆತ್ತಿದ್ರೆ ಒತ್ತುತೈತೆ, ಕಮ್ಮಿ ಕೆತ್ತಿದ್ರೆ ಸಂದು ಉಳೀತೈತೆ. ಅದಕ್ಕೇ ಮೊದಲ ಎರಡು ವಾರ ಡಾಕ್ಟ್ರ ಹತ್ರ ಎರಡು ಮೂರು ಸಲ ಹೋಗೋದು ಇದ್ದಿದ್ದೇ. ಕೆಲಸ ಕೆಟ್ಟಿದೆ ಅಂತಲ್ಲ.

ಹಟ್ಟಿ ಮೂರನೇ ಪಾಳಿ | ಶುಕ್ರವಾರ, ಬೆಳಿಗ್ಗೆ 7:20

ಗಣಿ ಪಾಳಿ ಮುಗಿಸಿ ಬಂದು ಓದ್ಲಿಕತ್ತೀನಿ. ಟೀಚರ್, ನಿಮ್ಮ ಮನ್ಯಾಗ ಗುಟಖಾ, ತಂಬಾಕದ ಚಟ ಇದ್ದವರಿಗೆ ಇದನ್ನ ಓದಿ ಹೇಳ್ರಿ. ನನಗ ಕೆಳಗಿನ ಕಡೀ ದವಡಿ ಹಲ್ಲು ಕಿತ್ತರು. ಮೊದಲ ಎರಡು ದಿನ ಆರಾಮ ಇದ್ದೆ. ಮೂರನೇ ದಿನ ಪಾಳಿಗೆ ಹೋಗಿ, ಗೆಳೆಯ ಕೊಟ್ಟ ಅಂತ ತಂಬಾಕ ಇನ್ನೊಂದು ಮಗ್ಗಲಿಗೆ ಇಟ್ಟೆ. ಆ ಮಗ್ಗಲಿಗಲ್ಲ ಅಂತ ಧೈರ್ಯ! ನಾಕನೇ ದಿನ ರಾತ್ರಿ ಕಿವಿಯೊಳಗ ಕಾಸಿದ ಸಳಿ ಇಟ್ಟಂಗಾತು. ಬಾಯಿ ನಾರ್ತಿತ್ತು. ಕುಳಿ ಒಳಗ ಗಡ್ಡಿನೇ ಇಲ್ಲ, ಬರೀ ಎಲುಬು. ಡ್ರೈ ಸಾಕೆಟ್ ಅಂದ್ರು. ತೊಳೆದು, ಲವಂಗದ ವಾಸನಿ ಬರೂ ಔಷಧದ ಪಟ್ಟಿ ಒಳಗ ತುಂಬಿದ್ರು. ಹತ್ತು ನಿಮಿಷಕ್ಕ ಕಣ್ಣು ಬಿಟ್ಟೆ. ಆದರ ಮತ್ತ ಎರಡು ಸಲ ಹೋಗಿ ಬದಲಿಸಿಕೊಂಡು ಬರಬೇಕಾತು.

ಗೆಳೆಯ ಮಾತ್ರ ಇವತ್ತಿಗೂ 'ಒಂದು ಚಿಟಿಕಿಗೆ ಏನಾಗ್ತದಲೇ' ಅಂತಾನ.

ರಾಯಚೂರು ಹೌಸ್ ಸರ್ಜನ್ | ಶುಕ್ರವಾರ, ಬೆಳಿಗ್ಗೆ 9:00

ಹಟ್ಟಿ ಅಣ್ಣಾರು ಹೇಳಿದ್ದರಾಗ ಒಂದು ಗುರುತು ಹಿಡೀರಿ. ಸಾದಾ ನೋವು ದಿನಾ ಕಡಿಮಿ ಆಗ್ಕೋತ ಹೋಗ್ತದ. ಡ್ರೈ ಸಾಕೆಟ್ ನೋವು ಎರಡು ಮೂರು ದಿನ ಬಿಟ್ಟು ಏರ್ತದ. ಮ್ಯಾಲಿನ ಮುಂದಿನ ಹಲ್ಲಿಗೆ ಅದು ಅಪರೂಪ, ಕೆಳಗಿನ ದವಡಿ ಹಲ್ಲಿಗೆ ಹೆಚ್ಚು. ಟೀಚರ್, ಬಾವು ಮಾತ್ರ ಎರಡನೇ ಮೂರನೇ ದಿನ ಹೆಚ್ಚು ಕಾಣ್ತದ, ಅದಕ್ಕ ಗಾಬರಿ ಬ್ಯಾಡ. ಜ್ವರ ಬಂದ್ರ, ಬಾಯಿ ತೆರೀಲಿಕ್ಕೆ ಆಗದಿದ್ರ, ಬಾವು ಕಣ್ಣಿನ ಕಡೆ ಏರಿದ್ರ ಅವತ್ತೇ ಹೋಗ್ರಿ.

ಸಿಂಧನೂರು ಸೊಸಿ | ಶುಕ್ರವಾರ, ಮಧ್ಯಾಹ್ನ 3:45

ನಮ್ಮತ್ತಿಗೆ ಸಕ್ಕರಿ ಕಾಯಿಲೆ ಅದ, ಹೃದಯಕ್ಕ ರಕ್ತ ತೆಳ್ಳಗ ಮಾಡೂ ಗುಳಿಗಿನೂ ಅದ. ಮುಂದಿನ ವಾರ ಎರಡು ಹಲ್ಲು ತೆಗಿಸೋದದ. ಪಕ್ಕದ ಮನಿಯವರು ಗುಳಿಗಿ ಮೂರು ದಿನ ನಿಲ್ಲಿಸ್ರಿ ಅಂತಾರ. ನಿಲ್ಲಿಸಲೇನು?

ರಾಯಚೂರು ಹೌಸ್ ಸರ್ಜನ್ | ಶುಕ್ರವಾರ, ಸಂಜೆ 4:10

ನೀವಾಗಿ ನಿಲ್ಲಿಸಬ್ಯಾಡ್ರಿ ಅಕ್ಕಾ. ಹೃದಯದ ಡಾಕ್ಟ್ರು ಬರೆದುಕೊಟ್ಟ ಗುಳಿಗಿ ಅವರನ್ನ ಕೇಳದ ನಿಲ್ಲಿಸಿದ್ರ ಹಲ್ಲಿನ ರಕ್ತಕ್ಕಿಂತ ದೊಡ್ಡ ಅಪಾಯ. ಎಷ್ಟೋ ಮಂದಿಗೆ ಗುಳಿಗಿ ನಡಸ್ಕೊಂಡೇ ಹಲ್ಲು ತೆಗೀತಾರ, ಒತ್ತಿ ಹಿಡಿದು, ಹೊಲಿಗಿ ಹಾಕಿ ರಕ್ತ ನಿಲ್ಲಿಸ್ತಾರ. ಎಲ್ಲಾ ಗುಳಿಗಿ ಚೀಟಿ, ಹೊಸಾ ಸಕ್ಕರಿ ರಿಪೋರ್ಟು ತಗೊಂಡು ಹೋಗ್ರಿ. ಎಲುಬು ಸವೆತಕ್ಕಂತ ವಾರಕ್ಕೊಂದು ಗುಳಿಗಿ ತಗೋತಿದ್ರ ಅದನ್ನೂ ಹೇಳ್ರಿ, ಅದು ದವಡಿ ಎಲುಬು ಮಾಯೂದಕ್ಕ ಅಡ್ಡಿ ಮಾಡ್ತದ. ಸಕ್ಕರಿ ಹೆಚ್ಚಿದ್ರ ಗಾಯ ತಡಾ ಮಾಯ್ತದ, ಪ್ಲೇಟಿನ ಕೆಳಗ ಬಿಳೀ ಬೂಷ್ಟೂ ಲಗೂ ಬರ್ತದ.

ಖರ್ಚಿನ ಮಾತು ಬಂದ್ರ, ರಾಯಚೂರಿನಾಗ ನವೋದಯ, ಎಎಂಇ ಅಂತ ಎರಡು ಡೆಂಟಲ್ ಕಾಲೇಜ್ ಅದಾವ, ಬಳ್ಳಾರಿಯಾಗ ಸರ್ಕಾರಿ ಡೆಂಟಲ್ ಕಾಲೇಜ್ ಅದ. ಕಾಲೇಜಿನಾಗ ಹೊತ್ತು ಹಿಡೀತದ, ರೊಕ್ಕ ಕಡಿಮಿ. ಬಿಪಿಎಲ್ ಕಾರ್ಡಿದ್ದ ಹಿರಿಯರಿಗೆ ಪೂರ್ತಿ ಸೆಟ್ ಬೇಕಾದ್ರ ದಂತಭಾಗ್ಯ ಯೋಜನೆ ಬಗ್ಗೆ ತಾಲ್ಲೂಕು ಆಸ್ಪತ್ರಿ ಹಲ್ಲಿನ ವಿಭಾಗದಾಗ ಕೇಳ್ರಿ.

ಕುಷ್ಟಗಿ ಟೀಚರ್ | ಭಾನುವಾರ, ಬೆಳಿಗ್ಗೆ 8:30

ಎರಡು ಗಾಬರಿ ಅದಾವ. ಕುಳಿ ಮ್ಯಾಲ ಬೆಳ್ಳಗ ಪದರು ಬಂದೈತಿ, ಕೀವೇನು? ಎರಡನೇದು, ಪ್ಲೇಟ್ ಹಾಕಿದ್ರ ಒಂದ ಜಾಗದಾಗ ಚುಚ್ಚತೈತಿ. ಅಂಗುಳದಾಗ ಸಣ್ಣ ಹುಣ್ಣು ಕಾಣತೈತಿ. ನಾಳೆ ಸೋಮವಾರ ಸಾಲಿ. ಎಂಟನೇತ್ತೆಗೆ ವ್ಯಾಕರಣ ಶುರು, ವರ್ಗೀಯ ವ್ಯಂಜನ. ಪ್ಲೇಟ್ ತಗದು 'ತ ಥ ದ ಧ ನ' ಅಂದು ನೋಡಿದ್ನಿ, ನಾಲಿಗಿ ಹೋಗಿ ಮುಟ್ಟೂ ಜಾಗಾನ ಇಲ್ಲ! ಈ ಐದಕ್ಕ ದಂತ್ಯ ಅಂತ ಹೆಸರಿಟ್ಟವರಿಗೆ ಕೈ ಮುಗಿದ್ನಿ. 'ಸ' ಅಂತೂ ಕುಕ್ಕರಿನ ಸೀಟಿ ಆಗೈತಿ.

ಪ್ಲೇಟಿಗೆ ಹಚ್ಚೂ ಅಂಟು ಮೆಡಿಕಲ್ ಸ್ಟೋರಿನಾಗ ಸಿಗತೈತಂತ. ಅದನ್ನ ಹಚ್ಚಿ ಬಿಗಿ ಮಾಡಿದ್ರ ಚುಚ್ಚೂದು ನಿಲ್ಲತೈತೇನು?

ರಾಯಚೂರು ಹೌಸ್ ಸರ್ಜನ್ | ಭಾನುವಾರ, ಬೆಳಿಗ್ಗೆ 9:15

ಬಿಳೀ ಪದರು ಗಾಯ ಮಾಯೂ ಗುರುತು, ಮೊಣಕಾಲು ಕೆತ್ತಿದಾಗ ಹಕ್ಕಳಿಕಿ ಬರ್ತದಲ್ಲ, ಬಾಯಿ ಹಸೀ ಇರೂದ್ರಿಂದ ಅದು ಬೆಳ್ಳಗ ಮೆತ್ತಗ ಕಾಣ್ತದ. ಬ್ರಷ್ ಹಾಕಿ ತಿಕ್ಕಬ್ಯಾಡ್ರಿ. ನೋವು ಇಳೀಲಿಕತ್ತಿದ್ರ, ನಾತ ಇಲ್ಲದಿದ್ರ ಚಿಂತಿಲ್ಲ.

ಅಂಟು ಈಗ ಬ್ಯಾಡೇ ಬ್ಯಾಡ. ತೆರೆದ ಗಾಯದೊಳಗ ಹೋಗಿ ಕುಂತ್ರ ತೆಗಿಯೂದು ಕಷ್ಟ. ಒತ್ತೂ ಪ್ಲೇಟನ್ನ ಇನ್ನಷ್ಟು ಬಿಗಿ ಮಾಡಿದ್ರ ಹುಣ್ಣು ಹೆಚ್ಚೇ ಆಗ್ತದ. ನಾಳೆ ಡಾಕ್ಟ್ರ ಕಡೆ ಹೋಗ್ರಿ. ಹೋಗೂಕ್ಕಿಂತ ಮೊದಲು ಮೂರು ನಾಕು ತಾಸು ಪ್ಲೇಟ್ ಹಾಕ್ಕೊಂಡಿರ್ರಿ, ನೋವಾದ್ರೂ. ಮಂದಿ ವಾರಗಟ್ಟಲೆ ಬಿಚ್ಚಿಟ್ಟು, ಹುಣ್ಣು ಮಾಯ್ದ ಮ್ಯಾಲ ಪ್ಲೇಟ್ ಕೈಯಾಗ ಹಿಡ್ಕೊಂಡು ಬರ್ತಾರ. ಎಲ್ಲಿ ಒತ್ತಿತ್ತು ಅಂತ ನಾವು ಹ್ಯಾಂಗ ಹುಡುಕೂದು? ಕೆಂಪು ಗುರುತು ಇದ್ರ ಐದು ನಿಮಿಷದ ಕೆಲಸ.

ಬಳ್ಳಾರಿ ಲ್ಯಾಬ್ | ಭಾನುವಾರ, ಬೆಳಿಗ್ಗೆ 10:40

ತೊಳೆಯೋದರ ಬಗ್ಗೆ ಯಾರೂ ಹೇಳಲಿಲ್ಲ. ಕುದಿಯೋ ನೀರಿಗೆ ಹಾಕಬೇಡ್ರಿ. ನಮ್ಮ ಬಳ್ಳಾರಿ ಅಜ್ಜಿಯೊಬ್ಬರು ಕ್ರಿಮಿ ಸಾಯಲಿ ಅಂತ ಹಾಲಿನ ಪಾತ್ರೆಯಾಗೆ ಕುದಿಸಿದ್ರು, ಪ್ಲೇಟು ಹಪ್ಪಳದಂಗೆ ಸೊಟ್ಟಾಗಿತ್ತು. ಒಣಗಿಸಿಯೂ ಇಡಬಾರದು, ರಾತ್ರಿ ತೆಗೆದ್ರೆ ತಣ್ಣೀರಿನಾಗೆ ಮುಳುಗಿರಬೇಕು. ಟೂತ್‌ಪೇಸ್ಟ್ ಬೇಡ, ಗೀರು ಬೀಳ್ತಾವೆ, ಗೀರಿನಾಗೆ ಕೊಳೆ ಕೂಡ್ತೈತೆ. ಮೆತ್ತನೆ ಬ್ರಷ್, ಕೈ ತೊಳೆಯೋ ಸೋಪು, ಸಾಕು. ತೊಳೆಯೋವಾಗ ಕೆಳಗೆ ಬಕೆಟ್ಟಿನಾಗೆ ನೀರು ಇಟ್ಟುಕೊಳ್ರಿ, ಕೈ ಜಾರಿದ್ರೆ ಕಡಪ ಕಲ್ಲಿಗೆ ಬೀಳಂಗಿಲ್ಲ. ತಂತಿ ಕೊಂಡಿ ಹಿಡಿದು ಜಗ್ಗಬೇಡ್ರಿ, ಸಡಿಲ ಆಗ್ತಾವೆ.

ಒಂದು ಕೇಳಲಾ? ನಿಮ್ಮ ಹಲ್ಲಿನ ಬಣ್ಣ ಹೊಂದೈತಾ? ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬರೋ ಅಳತೆ ಅಂದ್ರೆ ನಮಗೆ ಬಣ್ಣದ್ದೇ ತಲೆನೋವು. ಬೋರಿನ ನೀರಿನ ಫ್ಲೋರೈಡಿಗೆ ಅಲ್ಲಿನವರ ಹಲ್ಲಿನ ಮೇಲೆ ಕಂದು ಪಟ್ಟೆ ಇರ್ತಾವೆ. ಡಬ್ಬಿಯಾಗಿನ ಹಲ್ಲು ಕೂಡಿಸಿದ್ರೆ ಹಳೇ ಗೋಡೆಗೆ ಹೊಸ ಟೈಲ್ಸ್ ಹಚ್ಚಿದಂಗೆ ಎದ್ದು ಕಾಣ್ತೈತೆ.

ಕುಷ್ಟಗಿ ಟೀಚರ್ | ಭಾನುವಾರ, ಮಧ್ಯಾಹ್ನ 12:00

ಹೊಂದೈತಿ! ಡಾಕ್ಟ್ರು 'ಬೆಳ್ಳಗ ಬೇಕೋ, ನಿಮ್ಮೂರ ಬಣ್ಣ ಬೇಕೋ' ಅಂತ ಕೇಳಿದ್ರು. ನಮ್ಮೂರ ಬಣ್ಣ ಅಂದ್ನಿ. ಸಣ್ಣಗೆ ಕಂದು ಗೆರಿ ಎಳದಾರ. ನನ್ನ ವಿದ್ಯಾರ್ಥಿಗಳ ಬಾಯಾಗೂ ಅವ ಗೆರಿ.

ಗಂಗಾವತಿ ಭತ್ತ | ಸೋಮವಾರ, ರಾತ್ರಿ 9:10

ಹೋಗಿ ಬಂದ್ರೇನ್ರಿ ಅಕ್ಕಾರ? ಕೊಪ್ಪಳದ ಗವಿಮಠದ ಜಾತ್ರಿ ಮುಂದ ಬಂತು. ದಾಸೋಹಕ್ಕ ನಮ್ಮೂರಿಂದ ರೊಟ್ಟಿ ಹೊರಡಾಕತ್ತಾವ. ಬಾಯಿ ಸುದ್ದ ಮಾಡ್ಕೊಂಡು ಬರ್ರಿ.

ಕುಷ್ಟಗಿ ಟೀಚರ್ | ಸೋಮವಾರ, ರಾತ್ರಿ 9:50

ಬಂದ್ನಿ. ಪೇಸ್ಟ್ ಹಚ್ಚಿದ್ರು, ಒಂದು ಜಾಗ ಉಜ್ಜಿದ್ರು, ಚುಚ್ಚೂದು ಅಲ್ಲಿಗೇ ನಿಂತು ಹೋತು. ಸಾಲ್ಯಾಗ ಪಾಠನೂ ಆತು. 'ಸ' ಇನ್ನೂ ಸೀಟಿ ಹೊಡೀತೈತಿ. ರಾತ್ರಿ ಪೇಪರ್ ಜೋರಾಗಿ ಓದಾಕತ್ತೀನಿ, ನಾಲಿಗಿಗೆ ರೂಢಿ ಆಗಲಿ ಅಂತ.

ಊಟದ್ದ ಚಿಂತಿ. ಐದು ದಿನದಿಂದ ನುಚ್ಚು ಮಜ್ಜಿಗಿ, ಅನ್ನ ಮಸರು, ರಾಗಿ ಅಂಬಲಿ ಆರಿಸಿ. ಖಡಕ್ ರೊಟ್ಟಿ ಕನಸಿನ್ಯಾಗ ಬರಾಕತ್ತಾವ.

ಸಿಂಧನೂರು ಸೊಸಿ | ಸೋಮವಾರ, ರಾತ್ರಿ 10:05

ಬಿಸಿ ಬಿಸಿ ಮೆತ್ತನ್ನ ರೊಟ್ಟಿ ಚೂರು ಮಾಡಿ ಬ್ಯಾಳಿಯೊಳಗ ನೆನಸಿ, ಆರಿದ ಮ್ಯಾಲ ತಿನ್ರಿ. ಗುರೆಳ್ಳು ಪುಡಿ, ಶೇಂಗಾ ಪುಡಿ ಸದ್ಯಕ್ಕ ಮರತ್ ಬಿಡ್ರಿ. ಒಂದು ಕಾಳು ಹೋಗಿ ಕುಳಿಯೊಳಗ ಕುಂತ್ರ ನಾಲಿಗಿ ರಾತ್ರಿಯೆಲ್ಲಾ ಅದನ್ನ ಹುಡುಕ್ತದ.

ರಾಯಚೂರು ಹೌಸ್ ಸರ್ಜನ್ | ಸೋಮವಾರ, ರಾತ್ರಿ 10:30

ಮುಂದಿನ ಹಲ್ಲಿನಿಂದ ಕಚ್ಚಿ ಹರಿಯಬ್ಯಾಡ್ರಿ, ಮುಂದ ಒತ್ತಿದ್ರ ಪ್ಲೇಟಿನ ಹಿಂದಿನ ಭಾಗ ಏಳ್ತದ. ಕೈಯಿಂದ ಮುರಿದು, ಹಿಂದಿನ ಹಲ್ಲಿಗೆ ಕೊಟ್ಟು ಎರಡೂ ಕಡೆ ಅಗೀರಿ. ಜಾತ್ರಿ ದಾಸೋಹದಾಗ ಮಿರ್ಚಿ ಭಜಿ ಈ ಸಲ ನೋಡಿ ಸಂತೋಷ ಪಡ್ರಿ. ಮಾದಲಿ ಹಾಲಿನೊಳಗ ಕಲಸಿ ತಿಂದು, ಬಂದು ಉಪ್ಪುನೀರು ಮಾಡ್ರಿ.

ಕುಷ್ಟಗಿ ಟೀಚರ್ | ಮೂರು ವಾರದ ನಂತರ

ಕುಳಿ ಮುಚ್ಚೈತಿ. ನಡುವ ಒಂದು ದಿನ ವಸಡಿನಿಂದ ಸಣ್ಣ ಚೂಪಾದ ಚೂರು ಹೊರಗ ಬಂದಿತ್ತು, ಬೇರು ಒಳಗ ಉಳಿಸ್ಯಾರ ಅಂತ ಸಿಟ್ಟಿನಿಂದ ಹೋದ್ನಿ. ಎಲುಬಿನ ಚೂರಂತ. ಮಾಯೂ ಮುಂದ ದೇಹ ತಾನ ಹೊರಗ ತಳ್ಳತೈತಂತ. ಚಿಮಟದಾಗ ಹಿಡಿದು ತಗದ್ರು, ಗೊತ್ತೂ ಆಗಲಿಲ್ಲ. ಸಿಟ್ಟು ಡಬ್ಬ್ಯಾಗ ಹಾಕ್ಕೊಂಡು ಮನಿಗೆ ಬಂದ್ನಿ.

ಕುಷ್ಟಗಿ ಟೀಚರ್ | ಏಪ್ರಿಲ್, ಮೂರು ತಿಂಗಳ ಮ್ಯಾಲ

ಮತ್ತ ನಾನ. ಈಗ ಪ್ಲೇಟ್ ಸಡಿಲಾಗೈತಿ. ಮೂರನೇ ಹಲ್ಲಿನ ಮ್ಯಾಲ ಸಂದು ಬಿದ್ದು ಕರ್ರಗ ಕಾಣತೈತಿ, ಅನ್ನದ ಅಗುಳು ಹೊಕ್ಕೊಂತಾವ. ಪ್ಲೇಟ್ ಕೆಟ್ಟಿತೇನು? ಈ ಸಲ ಬಗ್ಗೂ ಪ್ಲೇಟ್ ಮಾಡಿಸ್ರಿ, ಅದು ಛಲೋ ಅಂತ ಸಹೋದ್ಯೋಗಿಯೊಬ್ಬರು ಹೇಳ್ಯಾರ.

ರಾಯಚೂರು ಹೌಸ್ ಸರ್ಜನ್ | ಅದೇ ದಿನ

ಕೆಟ್ಟಿಲ್ಲ, ನಿಮ್ಮ ಎಲುಬು ಇಳಿದದ. ಹಲ್ಲು ಕಿತ್ತ ಜಾಗದಾಗ ಎಲುಬಿನ ಅಗಲ ಒಂದು ವರ್ಷದಾಗ ಸುಮಾರು ಅರ್ಧಕ್ಕ ಬರಬಹುದು, ಅದರ ಬಹುಪಾಲು ಮೊದಲ 3 ತಿಂಗಳೊಳಗೇ. ಪ್ಲೇಟ್ ಇದ್ದಂಗೇ ಇರ್ತದ, ಕೆಳಗಿನ ನೆಲ ಕುಸೀತದ. ಒಳಗಿನಿಂದ ಹೊಸಾ ಪದರು ಹಾಕಿ ತುಂಬಿಸ್ತಾರ, ರಿಲೈನ್ ಅಂತಾರ. ಇನ್ನು ಮೂರು ನಾಕು ತಿಂಗಳು ಬಿಟ್ಟು ಇನ್ನೊಮ್ಮೆ ಬೇಕಾಗಬಹುದು.

ಬಳ್ಳಾರಿ ಲ್ಯಾಬ್ | ಅದೇ ದಿನ

ಬಗ್ಗೋ ಪ್ಲೇಟ್ ನೋಡೋಕೆ ಚೆಂದ, ತಂತಿ ಕಾಣಂಗಿಲ್ಲ. ಆದ್ರೆ ಅದಕ್ಕೆ ಒಳಗೆ ಪದರು ಹಾಕೋದು, ಹಲ್ಲು ಕೂಡಿಸೋದು ಭಾರಿ ಕಷ್ಟ, ಅಂಟೋದೇ ಇಲ್ಲ. ನಿಮ್ಮದು ಸಾದಾ ಅಕ್ರಿಲಿಕ್ ಆಗಿದ್ದಕ್ಕೇ ಮೂರನೇ ಹಲ್ಲು ಅಷ್ಟು ಸಲೀಸಾಗಿ ಕೂಡಿತು. ವಸಡು ಒಂದು ಹದಕ್ಕೆ ನಿಲ್ಲಲಿ. ಆಮೇಲೆ ಬಗ್ಗೋದೋ, ಲೋಹದ್ದೋ, ಫಿಕ್ಸ್ ಹಲ್ಲೋ ಡಾಕ್ಟ್ರ ಹತ್ರ ಮಾತಾಡ್ರಿ.

ಪ್ಲೇಟು ಲ್ಯಾಬಿಗೆ ಒಂದು ದಿನ ಬಿಡಬೇಕಾಗ್ತೈತೆ, ರಜೆ ನೋಡಿ ಹೋಗ್ರಿ. ಈ ಬಿಸಿಲಿನಾಗೆ ಬಸ್ಸಿನಾಗೆ ಒಯ್ಯೋದಾದ್ರೆ ಕಾಗದದಾಗೆ ಸುತ್ತಬೇಡ್ರಿ. ಕಸ ಅಂತ ಎಸೆದವರು ಬಾಳ ಮಂದಿ. ಒದ್ದೆ ಹತ್ತಿ ಹಾಕಿ, ಮುಚ್ಚಳ ಇರೋ ಡಬ್ಬಿಯಾಗೆ ಇಡ್ರಿ.

ಕುಷ್ಟಗಿ ಟೀಚರ್ | ಅದೇ ದಿನ, ರಾತ್ರಿ

ನಮ್ಮತ್ತಿ ಅರಿಷಿಣದ ಡಬ್ಬಿ ತಿಕ್ಕಿ ತೊಳೆದು ಕೊಟ್ಟಾರ. ಶನಿವಾರ ಮುಂಜಾನಿ ಬಸ್ಸಿಗೆ ಹೊರಡ್ತೀನಿ.